ಕಾಫಿ ಸಿಳ್ಳೆ

ಸ್ಕಾರ್‌ಬು ಸ್ಟೇಷನ್
ಮಾರ್ಚ್ ೧೪, ೧೯೩೭

ಮಗಳು ಸುನ್ನಿವಾಗೆ,

ಅಮ್ಮನ ಆಶೀರ್ವಾದ. ನೀನು, ನಿನ್ನ ಗಂಡ, ಮಗು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಹಾಗೇ ಇದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ನಾನು ಹಾಗಿಲ್ಲ. ಮಂಡಿ ಹಿಡಿದುಕೊಂಡಿದೆ, ನೀರಿನ ಕೊಳಾಯಿ ಹೆಪ್ಪುಗಟ್ಟಿದೆ, ಮನೆಯಲ್ಲಿ ಬೈಯೋಣವೆಂದರೆ ಯಾರೂ ಇಲ್ಲ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ಬರೆಯುವವಳಲ್ಲ ಎನ್ನುವುದು ನಿನಗೆ ಗೊತ್ತು. ಮೇಕೆ ಕಾಯಲು ಹೋದವಳು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ನೀನೇ ಚಿಕ್ಕವಳಿದ್ದಾಗ ನನ್ನ ಅಕ್ಷರ ನೋಡಿ, "ಅಮ್ಮಾ, ಈ ಹಾಳೆ ಮೇಲೆ ಕೋಳಿ ಓಡಾಡಿದೆಯಾ?" ಎಂದು ಕೇಳಿ ಏಟು ತಿಂದಿದ್ದೆ. ಆದರೆ ತಡವಾದದ್ದು ಅದಕ್ಕಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಹರಿದು ಒಲೆಗೆ ಹಾಕುತ್ತಿದ್ದೆ. ಈ ಸಲ ಸಿಟ್ಟು ಬಂದರೂ ಹರಿಯುವುದಿಲ್ಲ, ಅಂಗಡಿಯಲ್ಲಿ ಹಾಳೆ ಮುಗಿದಿದೆ.

ನೀನು ಬರೆದ ಸಾಲು ಇದು: "ಹಿಮಗಾಳಿಗೆ ಹಳಿ ಮುಚ್ಚಿಹೋಗಿತ್ತು, ಇಲ್ಲದಿದ್ದರೆ ಅಪ್ಪನ ಮುಖ ನೋಡಲು ಬಂದೇ ಬರುತ್ತಿದ್ದೆ."

ಆ ಕಾಗದ ಬಂದ ದಿನ ತೋರ್ಗೈರ್ ಮೇಸ್ತ್ರಿ ಹಳಿ ಗ್ಯಾಂಗಿನ ಇಬ್ಬರನ್ನು ಕರೆದುಕೊಂಡು ನಮ್ಮ ಮಾಡಿನ ಹಿಮ ಇಳಿಸಲು ಬಂದಿದ್ದ. ಕೆಲಸ ಮುಗಿಸಿ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. "ಸುನ್ನಿವಾ ಏನು ಬರೆದಿದ್ದಾಳೆ, ನಮಗೂ ಓದಿ ಹೇಳು ಬೋರ್ಗಿಲ್ಡಕ್ಕ" ಎಂದ ತೋರ್ಗೈರ್. ನಾನೋ ದಡ್ಡಿ, ಮೊದಲು ಒಬ್ಬಳೇ ಓದಿಕೊಳ್ಳಬೇಕಿತ್ತು. ಜೋರಾಗಿ ಓದುತ್ತಾ ಹೋದೆ, ಆ ಸಾಲು ಬಂತು, ಅದನ್ನೂ ಓದಿಬಿಟ್ಟೆ. ಮೂವರೂ ತಮ್ಮ ತಮ್ಮ ಬಟ್ಟಲಿನೊಳಗೆ ನೋಡುತ್ತಾ ಕೂತರು. ತೋರ್ಗೈರನ ಎಡಗಿವಿಯ ಅಂಚು ಇನ್ನೂ ಕಪ್ಪಗಿದೆ, ಹಿಮ ಕಚ್ಚಿದ್ದು. ಆ ಕಿವಿಯನ್ನೇ ಕೆರೆದುಕೊಂಡು, "ಹೌದಪ್ಪ, ಈ ವರ್ಷ ಗಾಳಿ ಜೋರಾಗೇ ಇತ್ತು" ಎಂದ. ಟೋಪಿ ಹಾಕಿಕೊಂಡು ಎದ್ದು ಹೋದರು. ಬಟ್ಟಲಲ್ಲಿ ಕಾಫಿ ಹಾಗೇ ಇತ್ತು.

ಸುನ್ನಿವಾ, ನನಗೆ ಏನು ಬೇಕಾದರೂ ಬರಿ. ಅದೊಂದು ಸಾಲನ್ನು ಮಾತ್ರ ಇನ್ನೊಮ್ಮೆ ಬರೆಯಬೇಡ. ಹಳಿ ತೆರೆದಿತ್ತು. ಅದನ್ನು ತೆರೆದವರು ನನ್ನ ಅಕ್ಕಪಕ್ಕದ ಮನೆಗಳಲ್ಲಿದ್ದಾರೆ, ದಿನಾ ಅವರ ಮುಖ ನೋಡಬೇಕು ನಾನು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಕೂತು ಓದು.

ನಿನ್ನ ಅಪ್ಪನ ಎದೆ ಕ್ರಿಸ್‌ಮಸ್ ಹೊತ್ತಿಗೇ ಕೆಟ್ಟಿತ್ತು. ಇಷ್ಟು ವರ್ಷ ಎಂಜಿನ್ ಹೊಗೆ ಕುಡಿದ ಎದೆ ಅದು. ಡಾಕ್ಟರು ಕೆಳಗಿನ ಡಾಲ್ಮೋ ಸ್ಟೇಷನ್ನಿನಿಂದ ರೈಲಿನಲ್ಲಿ ಬಂದು ನೋಡಿ, ಹೊರಗೆ ಬಂದು ನನ್ನ ಹತ್ತಿರ, "ನಿಮ್ಮ ಮಗಳಿಗೆ ಹೇಳಿ ಕಳಿಸಿ" ಎಂದರು. ನಾನು ತಂತಿ ಕೊಟ್ಟೆ. ಅಪ್ಪನಿಗೆ ಹೇಳಲಿಲ್ಲ. ನೀನು ಬಾರದಿದ್ದರೆ ಅಂತ.

ಡಾಕ್ಟರು ಇಳಿದುಹೋದ ಮೇಲೆ ಗಾಳಿ ಎದ್ದಿತು. ನೀನು ಇಲ್ಲೇ ಹುಟ್ಟಿದವಳು, ನಿನಗೇನು ಹೇಳಲಿ. ಎದುರುಮನೆ ಕಾಣಲಿಲ್ಲ. ಬಾಗಿಲು ತೆಗೆದರೆ ಬಾಗಿಲಿನ ಆಕಾರದ ಬಿಳಿ ಗೋಡೆ. ಓಸ್ಲೋ ಕಡೆಯಿಂದ ಬಂದ ರೈಲು ಹೇಗೋ ಇಲ್ಲಿಯವರೆಗೆ ತಲುಪಿ ನಿಂತಿತು. ಇಲ್ಲಿಂದ ಕೆಳಗೆ ಬಂಡೆ ಸೀಳಿ ಮಾಡಿದ ಆ ದೊಡ್ಡ ಕಟಿಂಗು ಬಾಯಿತನಕ ತುಂಬಿಹೋಗಿದೆ ಎಂದು ಸುದ್ದಿ ಬಂತು. ಡಾಲ್ಮೋದಿಂದ ಮೇಲೆ ಬರುವ ರೈಲುಗಳೆಲ್ಲ ರದ್ದು. ನಮ್ಮಲ್ಲಿ ಸಿಕ್ಕಿಕೊಂಡ ಪ್ರಯಾಣಿಕರನ್ನು ಯಾವಾಗಲೂ ಮಾಡುವ ಹಾಗೆ ಮನೆಮನೆಗೆ ಹಂಚಿದರು. ಕಾಯಿಲೆ ಮನೆ ಎಂದು ನನಗೆ ಒಬ್ಬನನ್ನೇ ಕೊಟ್ಟರು. ರೂದ್ ಎಂದು ಅವನ ಹೆಸರು, ಗುಂಡಿ ವ್ಯಾಪಾರಿ. ಕೋಟಿನ ಗುಂಡಿ, ರವಿಕೆ ಗುಂಡಿ, ಮೂಳೆಯದು, ಹಿತ್ತಾಳೆಯದು, ಒಂದು ಪೆಟ್ಟಿಗೆ ತುಂಬ. ಬಂದವನೇ ಹೊಸಿಲ ಮೇಲೆ ನಿಂತು ಕೇಳಿದ, "ರೈಲು ಯಾವಾಗ ಹೊರಡುತ್ತೆ?"

"ಹೊರಟಾಗ" ಎಂದೆ.

"ಇದೆಂಥ ಉತ್ತರ ರೀ? ನನಗೆ ನಾಳೆ ಬರ್ಗೆನ್‌ನಲ್ಲಿ ಕೆಲಸ ಇದೆ. ಟಿಕೆಟ್ಟು ತಗೊಂಡಿದ್ದೀನಿ ನಾನು. ಮೇಲಿನವರಿಗೆ ದೂರು ಬರೀತೀನಿ."

"ಬರಿ. ಗಾಳಿಗೂ ಒಂದು ಬರಿ. ಮೊದಲು ಆ ಪೇಟೆ ಬೂಟು ಬಿಚ್ಚು, ಈಗಷ್ಟೇ ನೆಲ ಒರೆಸಿದ್ದೀನಿ."

ಒಳಗೆ ಮಂಚದ ಮೇಲೆ ನಿನ್ನ ಅಪ್ಪ ನಗಲು ಹೋಗಿ ಕೆಮ್ಮು ಹತ್ತಿಸಿಕೊಂಡ. "ಆ ಬಡಪಾಯಿನ ಬಿಡೇ. ರೈಲು ನಿಲ್ಲಿಸಿದ್ದು ಅವನಲ್ಲ" ಎಂದ.

ಅಪ್ಪನ ಮಂಚವನ್ನು ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹಾಕಿದ್ದೆ, ಹಳಿ ಕಾಣುವ ಹಾಗೆ. ಏನೂ ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದ.

ರೂದ್‌ಗೆ ನಮ್ಮ ಹುಡುಗ ಐವಿಂದನ ಕೋಣೆ ಕೊಟ್ಟೆ. ಹಾಕಿಕೊಳ್ಳಲು ಐವಿಂದನ ಬೂಟು ಕೊಟ್ಟೆ. ಹೌದು, ಇನ್ನೂ ಇಟ್ಟಿದ್ದೆ, ಪ್ರತಿ ವರ್ಷ ಎಣ್ಣೆ ಹಚ್ಚಿ ಇಡುತ್ತಿದ್ದೆ. ಯಾಕೆ ಎಂದು ನಿನ್ನ ಅಪ್ಪ ಒಂದು ದಿನವೂ ಕೇಳಲಿಲ್ಲ, ನೀನೂ ಕೇಳಬೇಡ. ರೂದ್ ಅದನ್ನು ಹಾಕಿಕೊಂಡು ಅಪ್ಪನ ಮುಂದೆ ನಡೆದಾಗ ಅಪ್ಪ ಬೂಟನ್ನೇ ನೋಡಿದ. ಆಮೇಲೆ, "ಸರಿಯಾಗಿದೆಯಾ? ಹೆಬ್ಬೆರಳಿಗೆ ಒತ್ತುತ್ತಾ?" ಎಂದು ಕೇಳಿದ. "ಇಲ್ಲ ಯಜಮಾನರೇ, ಹೇಳಿ ಮಾಡಿಸಿದ ಹಾಗಿದೆ" ಎಂದ ರೂದ್. ಅವನಿಗೇನು ಗೊತ್ತು.

ಆಮೇಲೆ ಸ್ಟೇಷನ್ ಮಾಸ್ತರರು, ಗಾಳಿಯಲ್ಲಿ ದಾರಿ ತಪ್ಪದಿರಲಿ ಎಂದು ಕಟ್ಟಿದ ಹಗ್ಗ ಹಿಡಿದುಕೊಂಡು ನಮ್ಮ ಮನೆಯವರೆಗೆ ಬಂದರು. "ಬೋರ್ಗಿಲ್ಡಮ್ಮ, ಡಾಲ್ಮೋದಿಂದ ಫೋನು. ನಿಮ್ಮ ಸುನ್ನಿವಾ ಬಂದಿದ್ದಾಳೆ, ಕೆಳಗೆ ಕಾಯುವ ಕೋಣೆಯಲ್ಲಿ ಕೂತಿದ್ದಾಳೆ." ಅದೇ ಹಗ್ಗ ಹಿಡಿದು ನಾನು ಸ್ಟೇಷನ್ನಿಗೆ ಹೋದೆ. ಫೋನಿನಲ್ಲಿ ನಾವಾಡಿದ್ದು ನಿನಗೂ ನೆನಪಿರಬೇಕು.

"ಬಂದಿದ್ದೀಯಾ?" ಎಂದೆ.

"ಬಂದಿದ್ದೀನಮ್ಮ. ಅಪ್ಪ ಹೇಗಿದ್ದಾನೆ?"

"ಇದ್ದಾನೆ. ನೀನು ಊಟ ಮಾಡಿದೆಯಾ?"

"ಹೂಂ."

ಅಷ್ಟೇ. ಆಮೇಲೆ ಬರೀ ಗಾಳಿಯ ಸದ್ದು. ನಾನು ಇನ್ನೇನಾದರೂ ಕೇಳಬೇಕಿತ್ತೇನೋ. ನನಗೆ ಬರುವುದಿಲ್ಲ ಅಂಥ ಮಾತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಕಿಟಕಿಯ ಕಡೆಗೇ ನೋಡುತ್ತಾ, "ಸಿಟ್ಟಿನಲ್ಲಿದ್ದಳಾ?" ಎಂದ.

"ಫೋನಲ್ಲಿ ಹೇಗೆ ಗೊತ್ತಾಗುತ್ತೆ?"

"ನಿನಗೆ ಗೊತ್ತಾಗುತ್ತೆ. ನಿನ್ನ ಸಿಟ್ಟೇ ಅವಳಿಗೂ ಬಂದಿರೋದು."

"ಸಿಟ್ಟಿರಲಿಲ್ಲ. ಅಪ್ಪ ಹೇಗಿದ್ದಾನೆ ಅಂತಲೇ ಮೊದಲು ಕೇಳಿದಳು."

ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡ. ಆಮೇಲೆ ಗಡ್ಡ ಹೆರೆಯಲು ನೀರು ಕಾಯಿಸು ಎಂದ. ಕತ್ತಿ ಹಿಡಿದು ನನಗೆ ಅಭ್ಯಾಸವಿಲ್ಲ, ಹಾಗಾಗಿ ರೂದ್ ಹೆರೆದ. ಗುಂಡಿ ವ್ಯಾಪಾರಿಗೆ ಕೈ ಹಗುರ. ಅಪ್ಪ ತನ್ನ ರೈಲ್ವೆ ಕೋಟು ತರಿಸಿ ಅದರ ಮೇಲಿನ ಗುಂಡಿ ಹೋಗಿರುವುದನ್ನು ತೋರಿಸಿದ. ರೂದ್ ಪೆಟ್ಟಿಗೆ ಬಿಚ್ಚಿ ಕೂತ. ಇಬ್ಬರು ಗಂಡಸರು ಮಂಚದ ಮೇಲೆ ಗುಂಡಿ ಹರಡಿಕೊಂಡು ಮಕ್ಕಳ ಹಾಗೆ ಆರಿಸಿದರು. ಹಳೆಯ ಹಿತ್ತಾಳೆ ಗುಂಡಿಗಳಿಗೆ ಸರಿಹೊಂದುವುದು ಒಂದು ಸಿಕ್ಕಿತು. ನಾನು ಹೊಲಿದುಕೊಟ್ಟೆ. "ಸುನ್ನಿವಾ ಬರುವಾಗ ಹಾಕಿಕೊಳ್ತೀನಿ. ಹರಕು ಕೋಟಲ್ಲಿ ನೋಡಿದರೆ ನಿನ್ನನ್ನ ಬೈತಾಳೆ" ಎಂದ.

ಈಗ ಐವಿಂದನ ವಿಷಯ. ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಾವು ಮೂವರೂ ಒಟ್ಟಿಗೆ ಕೂತು ಒಂದು ಸಲವೂ ಇದನ್ನು ಮಾತಾಡಲಿಲ್ಲ. ಅವನು ಹೋದ ಆ ಚಳಿಗಾಲ ನಿನ್ನ ಅಪ್ಪನೇ ಮೇಸ್ತ್ರಿ. ಈಸ್ಟರ್ ರಜೆಗೆ ಹೊರಟವರು ತುಂಬಿದ ರೈಲು ಕಟಿಂಗಿನ ಆಚೆ ನಿಂತಿತ್ತು. ಹಿಮ ತಳ್ಳುವ ಎಂಜಿನ್ನಿನ ಮುಂದೆ ಗಟ್ಟಿ ಹಿಮ ಒಡೆಯಲು ಅಪ್ಪ ಐವಿಂದನನ್ನು ಕಳಿಸಿದ. ಬೇರೆಯವರ ಮಗನನ್ನು ಕಳಿಸಿ ತನ್ನ ಮಗನನ್ನು ಹಿಂದೆ ಇಟ್ಟುಕೊಂಡ ಎನ್ನುವ ಮಾತು ಬರಬಾರದು ಎಂದು. ಕಟಿಂಗಿನ ಅಂಚಿನ ಹಿಮ ಅವನ ಮೇಲೆ ಜಾರಿತು. ಅವನನ್ನು ಹುಡುಕಲು ಅರ್ಧ ಗ್ಯಾಂಗು ಅಲ್ಲೇ ಉಳಿಯಿತು, ಉಳಿದರ್ಧ ರೈಲು ದಾಟಿಸಿತು. ಹಳಿಗೆ ಹಿಮ ಬೀಳದಿರಲೆಂದು ಕಟ್ಟಿದ ಹಲಗೆ ಸುರಂಗದ ಬಾಯಿಗೆ ಬಂದಾಗ ಡ್ರೈವರು ಎಂದಿನ ಹಾಗೆ ಕಾಫಿ ಸಿಳ್ಳೆ ಊದಿದ. ಒಂದೇ ಉದ್ದ ಸಿಳ್ಳೆ. ಅದು ಕೇಳಿದ ಕೂಡಲೇ ನಾವೆಲ್ಲ ಕೆಟಲು ಎತ್ತಿಕೊಂಡು ಪ್ಲಾಟ್‌ಫಾರಮ್ಮಿಗೆ ಓಡಿದೆವು, ಚಳಿಯಲ್ಲಿ ಸಿಕ್ಕಿಬಿದ್ದು ಬಂದವರಿಗೆ ಕೊಡಲು. ಅವತ್ತು ನಮ್ಮ ಮನೆಯ ಕೆಟಲು ನಿನ್ನ ಕೈಯಲ್ಲಿತ್ತು. ನೀನು ನಗುತ್ತಾ ಎಲ್ಲರಿಗೂ ಬಗ್ಗಿಸಿ ಕೊಡುತ್ತಿದ್ದೆ, ಅವರೂ ನಗುತ್ತಿದ್ದರು. ಕೆಟಲು ಖಾಲಿಯಾದ ಮೇಲೆ ನಮಗೆ ಹೇಳಿದರು.

ಅವತ್ತು ಸಂಜೆ ನೀನು ಅಪ್ಪನ ಮುಖ ನೋಡಿ, "ನಿನಗೆ ಮಗನಿಗಿಂತ ರೈಲೇ ಹೆಚ್ಚಾಯ್ತು" ಎಂದೆ. ಹಿಮ ಕರಗಿ ಅವನನ್ನು ಮಣ್ಣು ಮಾಡಿದ ಮರುದಿನ ನೀನು ಹೊರಟುಹೋದೆ. ನಿನ್ನದು ತಪ್ಪು ಅನ್ನಲಿಲ್ಲ ನಾನು, ಇವತ್ತೂ ಅನ್ನುವುದಿಲ್ಲ. ಆದರೆ ನೀನು ಹೋದ ಮೇಲಿನದು ನಿನಗೆ ಗೊತ್ತಿಲ್ಲ, ಕೇಳು. ಆಮೇಲೆ ಅವನು ಕಟಿಂಗಿನಲ್ಲಿ ಎಂಜಿನ್ನಿನ ಮುಂದೆ ಒಬ್ಬರನ್ನೂ ಕಳಿಸಲಿಲ್ಲ, ತಾನೇ ಇಳಿಯುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟದೆ ಯಾರೂ ಇಳಿಯಬಾರದು, ಅಂಚು ನೋಡಲು ಒಬ್ಬ ಮೇಲೆ ನಿಂತಿರಲೇಬೇಕು ಎಂದು ಮಾಡಿದ. ಎಂಜಿನೊಂದೇ ಬಂದರೆ ಎರಡು ಗಿಡ್ಡ ಸಿಳ್ಳೆ ಊದಬೇಕು, ಹಿಂದೆ ಜನರಿರುವ ರೈಲಿದ್ದರೆ ಮಾತ್ರ ಉದ್ದ ಸಿಳ್ಳೆ, ಅದೂ ಗ್ಯಾಂಗಿನವರೆಲ್ಲ ಎಂಜಿನ್ ಹತ್ತಿದ್ದಾರೆ ಎಂದು ಮೇಸ್ತ್ರಿ ನೋಡಿಕೊಂಡು ತಾನೇ ಊದಬೇಕು ಎಂದು ಮಾಡಿದ್ದೂ ಅವನೇ. ಈಗ ಸ್ಕಾರ್‌ಬುವಿನಲ್ಲಿ ಉದ್ದ ಸಿಳ್ಳೆ ಕೇಳಿದರೆ ಎಲ್ಲ ಹೆಂಗಸರಿಗೂ ಗೊತ್ತಾಗುತ್ತದೆ, ಎಲ್ಲರ ಗಂಡಂದಿರೂ ಬದುಕಿದ್ದಾರೆ ಎಂದು. ಇದನ್ನು ನಿನಗೆ ಮೊದಲೇ ಬರೆಯೋಣ ಎಂದರೆ ಅಪ್ಪ ಬೇಡ ಎಂದ. "ಅದನ್ನ ಬರೆದರೆ ಕ್ಷಮೆ ಕೇಳಿದ ಹಾಗಾಗುತ್ತೆ. ಕಾಗದದಲ್ಲಿ ಕೇಳೋದಲ್ಲ ಅದು" ಎಂದ.

ಗಾಳಿ ಸ್ವಲ್ಪ ಇಳಿದ ದಿನ ತೋರ್ಗೈರ್ ಮನೆಗೆ ಬಂದ. ಮಂಚದ ಪಕ್ಕ ಟೋಪಿ ಹಿಡಿದು ನಿಂತ.

"ಹಾಲ್ವಾರಣ್ಣ, ಕಟಿಂಗಿಗೆ ಕೈ ಹಾಕ್ತೀವಿ" ಎಂದ.

"ಯಾರು ಹೇಳಿದರು?" ಎಂದ ಅಪ್ಪ.

"ಯಾರೂ ಹೇಳಲಿಲ್ಲ. ಟಪಾಲು ಕೊಳೀತಾ ಇದೆ."

"ಸುಳ್ಳು ಹೇಳಬೇಡ ಕಣೋ. ಟಪಾಲು ಕೊಳೆಯಲ್ಲ. ನನಗೋಸ್ಕರ ಯಾರನ್ನೂ ಇಳಿಸಬೇಡ. ಗಾಳಿ ಪೂರ್ತಿ ನಿಲ್ಲಲಿ."

"ನೀನು ಅಷ್ಟು ದಿನ ಇರ್ತೀಯಾ?" ಎಂದ ತೋರ್ಗೈರ್. ಅವನೂ ನನ್ನ ಹಾಗೆ, ಬಾಯಿಗೆ ಬಂದದ್ದು ಹೇಳುತ್ತಾನೆ.

ಅಪ್ಪ ನಕ್ಕ. "ಇರಲ್ಲ" ಎಂದ. "ಆದರೂ ಬೇಡ. ಡಾಲ್ಮೋವರೆಗೆ ಬಂದಿದ್ದಾಳಲ್ಲ, ಅದೇ ದೊಡ್ಡದು."

ನನಗೆ ರೇಗಿಹೋಯಿತು. ಇಷ್ಟು ವರ್ಷ ಊರವರಿಗೆಲ್ಲ ದಾರಿ ತೆಗೆದವನು, ತನ್ನ ಮಗಳು ಬರುವ ದಾರಿ ಬೇಡ ಅಂತಾನೆ. "ನೀನು ಸುಮ್ಮನಿರು. ತೋರ್ಗೈರ್, ನೀನು ಹೋಗಿ ಅದನ್ನ ತೆಗೆ. ತೆಗೆಯದಿದ್ದರೆ ನನ್ನ ಮನೆ ಕಾಫಿ ನಿನಗಿಲ್ಲ" ಎಂದೆ. ತೋರ್ಗೈರ್ ಅಪ್ಪನ ಮುಖ ನೋಡಿದ. ಅಪ್ಪ ಕಣ್ಣು ಮುಚ್ಚಿಕೊಂಡು, "ಹಗ್ಗ" ಎಂದ. "ಕಟ್ಟಿರ್ತೀವಣ್ಣ" ಎಂದ ತೋರ್ಗೈರ್.

ಗ್ಯಾಂಗಿನವರೆಲ್ಲ ಹೋದರು. ಸಾಲದೆ ಬಂದಾಗ ಪ್ರಯಾಣಿಕರೂ ಸಲಿಕೆ ಹಿಡಿದರು. ದೂರು ಬರೆಯುತ್ತೇನೆ ಎಂದಿದ್ದ ರೂದ್ ಐವಿಂದನ ಬೂಟು ಹಾಕಿಕೊಂಡು ಅದೇ ಕಟಿಂಗಿನಲ್ಲಿ ಹಿಮ ಎತ್ತಿದ. ನಾನು ಬೇಡ ಎನ್ನಬೇಕೆಂದಿದ್ದೆ, ಬೂಟಿನ ದಾರ ಬಿಗಿಯಾಗಿ ಕಟ್ಟಿಕೋ ಎಂದೆ. ಸಾಯಂಕಾಲ ಬಂದು ಒಲೆ ಮುಂದೆ ಕೂತವನು ಚಮಚ ಹಿಡಿಯಲಾರದೆ ಗಂಜಿಯನ್ನು ಬಟ್ಟಲಿನಿಂದಲೇ ಕುಡಿದ. "ಯಜಮಾನರೇ, ನಿಮ್ಮ ಕೆಲಸ ನಾಯಿಗೂ ಬೇಡ" ಎಂದ. "ನಾಯಿಗೆ ಬುದ್ಧಿ ಇದೆ" ಎಂದ ಅಪ್ಪ.

ತೋರ್ಗೈರನ ಕಿವಿ ಹೋದದ್ದು ಎರಡನೆಯ ದಿನ. ಗಾಳಿಯಲ್ಲಿ ಅಂಚು ಬಿರಿಯುವ ಸದ್ದು ಕೇಳಬೇಕು ಎಂದು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಿರಲಿಲ್ಲ.

ಮರುದಿನ ಹಿಮದ ಎಂಜಿನ್ ಕಟಿಂಗು ದಾಟಿ ಡಾಲ್ಮೋ ತಲುಪಿತು. ಸ್ಟೇಷನ್ ಮಾಸ್ತರರು ಓಡಿ ಬಂದರು, ಈ ಸಲ ಹಗ್ಗ ಬೇಕಾಗಿರಲಿಲ್ಲ. "ಎಂಜಿನ್ ಮುಂದೆ, ಹಿಂದೆ ರೈಲು. ಡಾಲ್ಮೋ ಬಿಟ್ಟಿದೆ" ಎಂದರು. ನಾನು ಅಪ್ಪನಿಗೆ ಕೋಟು ತೊಡಿಸಿದೆ, ದಿಂಬು ಎತ್ತರ ಮಾಡಿದೆ, ತಲೆ ಬಾಚಿದೆ. ಕೆಟಲು ಒಲೆಯ ಮೇಲಿಟ್ಟೆ.

ಸಿಳ್ಳೆ ಕೇಳಿತು. ಉದ್ದ ಸಿಳ್ಳೆ.

ಪ್ಲಾಟ್‌ಫಾರಮ್ಮಿನಲ್ಲಿ ನಾನು ಕೆಟಲು ಎತ್ತಿಕೊಂಡು ಹೋದಾಗ ಊರೇ ಸೇರಿತ್ತು. ಎಂಜಿನ್ನಿನ ಮೇಲಿನಿಂದ ತೋರ್ಗೈರ್ ಕಿವಿಗೆ ಬಟ್ಟೆ ಸುತ್ತಿಕೊಂಡು ನನಗೆ ಕೈ ಬೀಸಿದ, ನಿನ್ನನ್ನು ತಾನೇ ಹೊತ್ತು ತಂದವನ ಹಾಗೆ. ಜನ ಇಳಿದರು. ನಾನು ಪ್ರತಿ ಡಬ್ಬಿಯ ಬಾಗಿಲಿಗೂ ಹೋದೆ. ಗಾರ್ಡರನ್ನು ಕೇಳಿದೆ. ಕೊನೆಗೆ ದಪ್ಪ ಶಾಲು ಹೊದ್ದ ಒಬ್ಬ ಹೆಂಗಸು ಬಂದು, "ನೀವು ಬೋರ್ಗಿಲ್ಡಮ್ಮ ತಾನೇ?" ಎಂದಳು. ಅವಳ ಕೈಯಲ್ಲಿ ಒಂದು ಚೀಲ.

"ನಿಮ್ಮ ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳಮ್ಮ" ಎಂದಳು. "ಕಾಯುವ ಕೋಣೆಯಲ್ಲೂ ಅಷ್ಟು ದಿನ ಜೊತೆಗೇ ಇದ್ವಿ. ಒಳ್ಳೆ ಹುಡುಗಿ. ರೈಲು ಹತ್ತಿದಳು, ಚೀಲ ಮೇಲಿಟ್ಟಳು. ಎಂಜಿನ್ ಒಂದು ಸಲ ಉದ್ದಕ್ಕೆ ಕೂಗಿತು ನೋಡಿ, ಎದ್ದು ನಿಂತಳು. ಮುಖ ಬಿಳಿಚಿಹೋಗಿತ್ತು. 'ಇದನ್ನ ಸ್ಕಾರ್‌ಬುವಿನಲ್ಲಿ ನಮ್ಮಮ್ಮನಿಗೆ ಕೊಡಿ' ಅಂದಳು, ಇಳಿದುಬಿಟ್ಟಳು. ನಾನು ಕಿಟಕಿಯಿಂದ ಕೂಗಿದೆ. ತಿರುಗಿ ನೋಡಲಿಲ್ಲ."

ಅಲ್ಲಿದ್ದವರೆಲ್ಲ ಕೇಳಿಸಿಕೊಂಡರು. ತೋರ್ಗೈರ್ ಕೆಳಗಿಳಿದು ಬರುತ್ತಿದ್ದವನು ಅರ್ಧದಲ್ಲಿ ನಿಂತ. ಯಾರೋ ನನ್ನ ಕೈಯಿಂದ ಕೆಟಲು ತೆಗೆದುಕೊಂಡು ಬಂದವರಿಗೆ ಕಾಫಿ ಬಗ್ಗಿಸಿದರು. ನಾನು ಚೀಲ ಹಿಡಿದು ಮನೆಗೆ ನಡೆದೆ. ಹೋಗಿ ಅಪ್ಪನಿಗೆ ಏನು ಹೇಳಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಮೂರನೆಯ ಬೆಳಿಗ್ಗೆ ಅವನು ಹೋದ. ಕಷ್ಟಪಡಲಿಲ್ಲ. ನಾನು ಒಲೆಗೆ ಸೌದೆ ಹಾಕುತ್ತಿದ್ದೆ, ಹಿಂದೆ ಉಸಿರಿನ ಸದ್ದು ನಿಂತಿತು. ಆ ಹೊತ್ತಿಗೆ ರೂದ್ ಹೋಗಿಯಾಗಿತ್ತು. ಹೋಗುವಾಗ ಐವಿಂದನ ಬೂಟನ್ನು ಒರೆಸಿ, ಎಣ್ಣೆ ಹಚ್ಚಿ, ಮಂಚದ ಕೆಳಗೆ ಜೋಡಿಸಿಟ್ಟು ಹೋಗಿದ್ದ. ಯಾರೋ ಅವನಿಗೆ ಹೇಳಿರಬೇಕು.

ಚೀಲದಲ್ಲಿದ್ದ ಉಣ್ಣೆಯ ಕೊರಳ ಪಟ್ಟಿಯನ್ನು ಅಪ್ಪನ ಶವಪೆಟ್ಟಿಗೆಯಲ್ಲಿ ಹಾಕಿದೆ. ನೀನೇ ಹೆಣೆದದ್ದು ಎಂದು ಗೊತ್ತಾಯಿತು, ಅಂಚಿನಲ್ಲಿ ಹೆಣಿಗೆ ತಪ್ಪುವುದು ನಿನಗೆ ಚಿಕ್ಕಂದಿನಿಂದ ಅಭ್ಯಾಸ. ಅದೇ ಚೀಲದಲ್ಲಿದ್ದ ಕಿತ್ತಳೆ ಹಣ್ಣುಗಳನ್ನು ಮನೆಯೊಳಗೆ ತರಲಿಲ್ಲ. ಸೌದೆ ಕೊಟ್ಟಿಗೆಯಲ್ಲಿಟ್ಟೆ, ಅಲ್ಲೇ ಕಲ್ಲಾಗಿವೆ. ಎಸೆಯಲು ಮನಸ್ಸು ಬಂದಿಲ್ಲ.

ಅವನನ್ನು ಇನ್ನೂ ಮಣ್ಣು ಮಾಡಿಲ್ಲ. ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತು, ನೆಲ ಕಬ್ಬಿಣವಾಗಿದೆ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಇಟ್ಟಿದ್ದೇವೆ. ಬಾಗಿಲಿಗೆ ಗ್ಯಾಂಗಿನವರು ಹಸಿರು ಜುನಿಪರ್ ಗಿಡದ ಕೊಂಬೆ ಕಟ್ಟಿದ್ದಾರೆ. ನಾನು ಭಾನುವಾರ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಒಮ್ಮೊಮ್ಮೆ ಬೈದು ಬರುತ್ತೇನೆ. ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಪಾದ್ರಿ ಬರುತ್ತಾರೆ, ಐವಿಂದನ ಪಕ್ಕದಲ್ಲೇ ಜಾಗ ಗುರುತು ಮಾಡಿದ್ದಾರೆ.

ಜೂನ್‌ನಲ್ಲಿ ಬಾ, ಸುನ್ನಿವಾ. ಕರೆಯುವುದು ನನಗೆ ಅಭ್ಯಾಸವಿಲ್ಲ, ಆದರೂ ಕರೆಯುತ್ತಿದ್ದೇನೆ. ಆಗ ಕಟಿಂಗಿನಲ್ಲಿ ಹಿಮ ಇರುವುದಿಲ್ಲ, ಬಂಡೆಯ ಮೇಲೆ ನೀರು ಇಳಿಯುತ್ತಿರುತ್ತದೆ ಅಷ್ಟೇ. ಬೇಸಿಗೆಯಲ್ಲಿ ಯಾರೂ ಆ ಸಿಳ್ಳೆ ಊದುವುದಿಲ್ಲ. ಆದರೂ ತೋರ್ಗೈರನಿಗೆ ಹೇಳಿಟ್ಟಿದ್ದೇನೆ. "ಊದಿದರೆ ನನ್ನ ಕೈಯನ್ನೇ ಕಡಿದುಕೊಳ್ತೀನಿ ಬೋರ್ಗಿಲ್ಡಕ್ಕ" ಎಂದಿದ್ದಾನೆ. ಬಂದಾಗ ಅವನ ಕಿವಿಯ ಕಡೆ ನೋಡಬೇಡ. ಅವನೂ ನಿನ್ನನ್ನು ಏನೂ ಕೇಳುವುದಿಲ್ಲ. ಯಾರಾದರೂ ಕೇಳಿದರೆ ನಾನಿದ್ದೇನೆ, ನನ್ನ ಬಾಯಿ ಇದೆ.

ಮಗುವನ್ನು ಕರೆದುಕೊಂಡು ಬಾ. ಅದರ ಮುಖ ನಾನು ನೋಡಿಲ್ಲ. ನಿನಗೂ ನಿನ್ನ ಮನೆಯವರಿಗೂ ದೇವರು ಒಳ್ಳೆಯದು ಮಾಡಲಿ. ಚಳಿಯಲ್ಲಿ ತಲೆಗೆ ಬಟ್ಟೆ ಕಟ್ಟದೆ ಓಡಾಡಬೇಡ. ನೀನು ಎಲ್ಲಿದ್ದರೂ ನನ್ನ ಮಗಳೇ, ಅದನ್ನು ಯಾವ ಗಾಳಿಯೂ ಮುಚ್ಚುವುದಿಲ್ಲ.

ನಿನ್ನ ಅಮ್ಮ
ಬೋರ್ಗಿಲ್ಡ್

ಕೆಳಗೆ ಇನ್ನೊಂದು ಮಾತು. ಬರೆಯುವುದಿಲ್ಲ ಎಂದದ್ದನ್ನು ಬರೆಯುತ್ತಿದ್ದೇನೆ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ.

ಚೀಲವನ್ನು ಕೊಟ್ಟಿಗೆಯಲ್ಲಿಟ್ಟು ಬರಿಗೈಯಲ್ಲಿ ಒಳಗೆ ಹೋದೆ. ಅಪ್ಪ ಕೋಟು ಹಾಕಿಕೊಂಡು, ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಬಾಗಿಲನ್ನೇ ನೋಡುತ್ತಾ ಕೂತಿದ್ದ. ನಾನು ಒಳಗೆ ಬಂದು ಬಾಗಿಲು ಮುಚ್ಚಿದ ಮೇಲೂ ಬಾಗಿಲನ್ನೇ ನೋಡುತ್ತಿದ್ದ. ನಾನು ಯಾರ ಮನಸ್ಸಿಗೂ ಹಿತವಾಗಲಿ ಎಂದು ಸುಳ್ಳು ಹೇಳಿದವಳಲ್ಲ, ಊರಿಗೆಲ್ಲ ಗೊತ್ತು. ಅವತ್ತು ಹೇಳಿದೆ. "ಜನರ ರೈಲಲ್ಲ. ಎಂಜಿನ್ ಒಂದೇ ಬಂತು. ಕಟಿಂಗು ಮತ್ತೆ ಮುಚ್ಚಿತಂತೆ. ಸುನ್ನಿವಾ ಡಾಲ್ಮೋದಲ್ಲೇ ಕಾಯ್ತಾ ಇದ್ದಾಳೆ" ಎಂದೆ.

ಕಿಟಕಿಯ ಆಚೆ ಜನ ನಗುತ್ತಿದ್ದರು, ಬಟ್ಟಲುಗಳ ಸದ್ದು ಕೇಳುತ್ತಿತ್ತು. ನಾನು ಹೋಗಿ ಪರದೆ ಎಳೆದೆ.

ಎಳೆದ ಪರದೆಯನ್ನು ನೋಡಿದ, ನನ್ನ ಮುಖವನ್ನು ನೋಡಿದ. ಆಮೇಲೆ, "ಹಾಗಾದರೆ ತೋರ್ಗೈರನಿಗೆ ವಯಸ್ಸಾಯ್ತು" ಎಂದ. "ಎರಡು ಗಿಡ್ಡ ಊದೋ ಕಡೆ ಉದ್ದ ಊದಿದ್ದಾನೆ. ಪಾಪ, ಸುಸ್ತಾಗಿರುತ್ತೆ. ನೀನು ಅವನಿಗೆ ಏನೂ ಅನ್ನಬೇಡ."

"ಅನ್ನಲ್ಲ" ಎಂದೆ.

"ಕಾಯ್ತಾ ಇದ್ದಾಳೆ ಅಂದೆಯಲ್ಲ."

"ಹೂಂ. ಕಾಯ್ತಾ ಇದ್ದಾಳೆ."

ಸರಿ ಎಂದು ತಲೆ ಆಡಿಸಿದ. ಕೋಟು ಬಿಚ್ಚಲು ನಾನು ಹತ್ತಿರ ಹೋದೆ. ಬೇಡ ಎಂದು ನನ್ನ ಕೈ ಸರಿಸಿ, ಆ ಹೊಸ ಗುಂಡಿಯನ್ನು ತಾನೇ ಬಿಚ್ಚಿದ.